ಕ್ರೀಡಾ ಪ್ರಶ್ನೋತ್ತರ: 121 ಸಲ ಸೋತವರಿಗೆ ಹುಡುಗರೇ ಗತಿಯಾ?

ಹೋದ ಸಂಚಿಕೆಯಲ್ಲಿ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಹೇಳುವಾಗ, ಶಿಕಾಗೋ ವೈಟ್ ಸಾಕ್ಸ್ ಅನ್ನುವ ಬೇಸ್‌ಬಾಲ್ ಟೀಮ್ 2024ರಲ್ಲಿ ಒಂದೇ ಸೀಸನ್‌ಗೆ 121 ಮ್ಯಾಚ್ ಸೋತಿದೆ ಅಂತ ಒಂದು ಸಾಲು ಬರೆದದ್ದಷ್ಟೇ. ಅದಕ್ಕೆ ಬಂದ ಪತ್ರಗಳನ್ನು ನೋಡಿದ್ರೆ ನಮ್ಮ ಕಾಸರಗೋಡಿನಲ್ಲಿ ಮನೆಗೊಬ್ಬ ಅಮೆರಿಕದಲ್ಲಿ ಇದ್ದಾನೋ ಅಂತ ಕಾಣ್ತದೆ. ಮೊಮ್ಮಗುವನ್ನು ನೋಡಿಕೊಳ್ಳಲಿಕ್ಕೆ ಅಂತ ಆರು ತಿಂಗಳು ಹೋದ ಅಜ್ಜಂದಿರು ಟೀವಿ ಎದುರು ಕೂತು ಆಟ ಕಲಿತು ಬಂದಿದ್ದಾರೆ, ಈಗ ಇಲ್ಲಿ ನಮ್ಮ ತಲೆ ತಿನ್ತಾರೆ. ಹಾಗಾಗಿ ಈ ಸಲ ಕಬಡ್ಡಿಯೂ ಇಲ್ಲ, ಕ್ರಿಕೆಟ್ಟೂ ಹೆಚ್ಚು ಇಲ್ಲ, ಪೂರಾ ಅದೇ.

ಪ್ರಶ್ನೆ: ಬೆಳಿಗ್ಗೆ ತಲೆಗೆ ಲೈಟ್ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗ್ ಮಾಡುವಾಗ ಶಿಕಾಗೋದಲ್ಲಿರುವ ಅಣ್ಣನ ಮಗ ಸ್ಕೋರ್ ವಾಯ್ಸ್ ಮೆಸೇಜ್ ಹಾಕ್ತಾನೆ, ಯಾವಾಗ ಕೇಳಿದ್ರೂ ಹಿಂದೆಯೇ ಇರ್ತಾರೆ. ಇಷ್ಟು ಸೋತ ಟೀಮನ್ನು ಫುಟ್‌ಬಾಲಿನ ಹಾಗೆ ಕೆಳಗಿನ ಡಿವಿಷನ್‌ಗೆ ದಬ್ಬುವುದಿಲ್ವಾ?
ರಬ್ಬರ್ ಟ್ಯಾಪರ್, ಮುಳ್ಳೇರಿಯ

ಉತ್ತರ: ದಬ್ಬುವ ಕ್ರಮವೇ ಇಲ್ಲ ಅಣ್ಣ. ಅಮೆರಿಕದ ಬೇಸ್‌ಬಾಲಿನಲ್ಲಿ ಎಲ್ಲಕ್ಕಿಂತ ಮೇಲಿನದ್ದಾದ ಮೇಜರ್ ಲೀಗಿನಲ್ಲಿ 30 ಟೀಮ್, ಎಷ್ಟು ಸೋತರೂ ಬರುವ ವರ್ಷ ಅದೇ 30. ಒಬ್ಬೊಬ್ಬರಿಗೆ 162 ಮ್ಯಾಚ್, ಅದರಲ್ಲಿ ಇವರು ಗೆದ್ದದ್ದು 41. 1900ರಿಂದ ಈಚೆಗೆ ಒಂದು ಸೀಸನ್‌ನಲ್ಲಿ ಇಷ್ಟು ಸೋತವರು ಬೇರೆ ಯಾರೂ ಇಲ್ಲ, ಅದಕ್ಕೆ ಮೊದಲು ಆ ಕಿರೀಟ 1962ರ ನ್ಯೂಯಾರ್ಕ್ ಮೆಟ್ಸ್ ತಲೆಯಲ್ಲಿತ್ತು, 120 ಸೋಲು, ಆದರೆ ಅವರದ್ದು ಅದೇ ವರ್ಷ ಹುಟ್ಟಿದ ಟೀಮ್, ಇವರದ್ದು ನೂರು ವರ್ಷ ದಾಟಿದ ಮನೆತನ. ಜುಲೈಯಿಂದ ಆಗಸ್ಟ್‌ವರೆಗೆ ಸಾಲಾಗಿ 21 ಸೋತರು ಮಾರಾಯ್ರೇ, 22ನೆಯದ್ದು ಗೆದ್ದರು, ಎರಡು ದಿನ ಬಿಟ್ಟು ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಪೆಡ್ರೋ ಗ್ರಿಫೋಲ್‌ನನ್ನು ಮನೆಗೆ ಕಳಿಸಿದರು. ಗೆದ್ದ ಮೇಲೆ ಕಳಿಸಿದ್ದು ಎಂತ ಲೆಕ್ಕವೋ.

ಕೆಳಗೆ ಬೀಳುವ ಹೆದರಿಕೆ ಇಲ್ಲ, ದೇಶದ ಟೀವಿ ದುಡ್ಡು 30 ಜನರಿಗೂ ಸಮ ಪಾಲು. ಹಾಗಾಗಿ ಸೋಲು ಫ್ಯಾನಿಗೆ ನೋವು, ಮಾಲೀಕನಿಗೆ ಬರೀ ಮುಜುಗರ. 2025ರಲ್ಲಿ 60 ಗೆದ್ದು 102 ಸೋತರು, ಅಂದರೆ ಮೂರು ವರ್ಷ ಸಾಲಾಗಿ 100 ದಾಟಿದ ಸೋಲು. ಅಲ್ಲಿ ಸಂಜೆ 6.40ಕ್ಕೆ ಶುರುವಾಗುವ ಮ್ಯಾಚ್ ಇಲ್ಲಿಗೆ ಬೆಳಿಗ್ಗೆ 5.10, ನಿಮ್ಮ ಹಾಲು ಇಳಿಯುವ ಹೊತ್ತೇ. ಸ್ಕೋರ್ ಕೇಳಿ ಕತ್ತಿ ಜಾರದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮಾವ ಬಾಯಿ ಬಿಟ್ಟರೆ ಪ್ರಾಸ್ಪೆಕ್ಟ್ ಪ್ರಾಸ್ಪೆಕ್ಟ್ ಅಂತಾರೆ, ಈ ಹುಡುಗ ಬರಲಿ ನೋಡು ಆ ಹುಡುಗ ಬರಲಿ ನೋಡು ಅಂತ. ಯಾರು ಈ ಹುಡುಗರು, ಎಲ್ಲಿಂದ ಬರ್ತಾರೆ, ಯಾವಾಗ ಬರ್ತಾರೆ?
ಡಿಗ್ರಿ ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಪ್ರಾಸ್ಪೆಕ್ಟ್ ಅಂದರೆ ಮುಂದೆ ದೊಡ್ಡ ಆಟಗಾರ ಆದಾನು ಅಂತ ನಂಬಿಕೆ ಇಟ್ಟ ಹುಡುಗ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲ ದಿನವೇ ದೇವೇಂದ್ರನ ಕಿರೀಟ ಇಡ್ತಾನಾ? ಕೋಡಂಗಿ ಕುಣಿಯಬೇಕು, ಬಾಲಗೋಪಾಲ ಆಗಬೇಕು, ಮತ್ತೆ ಪುಂಡುವೇಷ, ಹಾಗೇ ಮೇಲೆ. ಬೇಸ್‌ಬಾಲಿನಲ್ಲೂ ಹಾಗೇ ಮೆಟ್ಟಿಲು ಉಂಟು. ವೈಟ್ ಸಾಕ್ಸ್‌ಗೆ ಕೆಳಗಿನಿಂದ ಎಣಿಸಿದರೆ ಕನ್ನಾಪೊಲಿಸ್, ವಿನ್‌ಸ್ಟನ್ ಸೇಲಂ, ಬರ್ಮಿಂಗ್‌ಹ್ಯಾಮ್, ಶಾರ್ಲಟ್ ಅಂತ ನಾಲ್ಕು ಊರಿನಲ್ಲಿ ನಾಲ್ಕು ಮರಿ ಟೀಮ್, ಶಾರ್ಲಟ್ ದಾಟಿದರೆ ಶಿಕಾಗೋ. ಬಾಸ್ಕೆಟ್‌ಬಾಲಿನ ಮೈಕೆಲ್ ಜೋರ್ಡನ್ ಗೊತ್ತುಂಟಲ್ಲ, ಅಷ್ಟು ದೊಡ್ಡ ಮನುಷ್ಯ 1994ರಲ್ಲಿ ಬೇಸ್‌ಬಾಲ್ ಆಡ್ತೇನೆ ಅಂತ ಬಂದಾಗ ಅವನನ್ನೂ ಬರ್ಮಿಂಗ್‌ಹ್ಯಾಮ್‌ನಲ್ಲೇ ನಿಲ್ಲಿಸಿದರು, ಅದರ ಮೇಲೆ ಹತ್ತಲಿಕ್ಕೆ ಆಗಲೇ ಇಲ್ಲ.

ನಿಮ್ಮ ಮಾವ ಹೇಳುವುದು ಬಹುಶಃ ಕೋಲ್ಸನ್ ಮಾಂಟ್‌ಗೊಮರಿಯ ಬಗ್ಗೆ. 2021ರ ಡ್ರಾಫ್ಟಿನಲ್ಲಿ, ಅಂದರೆ ಟೀಮಿನವರು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸುವಲ್ಲಿ, ಮೊದಲ ಸುತ್ತಿನಲ್ಲೇ ತಗೊಂಡ ಹುಡುಗ, ಪ್ರಾಸ್ಪೆಕ್ಟ್ ಪಟ್ಟಿಗಳಲ್ಲಿ ಮೇಲೆಯೇ ಇದ್ದ, 2025ರ ಶುರುವಿಗೆ ಶಾರ್ಲಟ್‌ನಲ್ಲಿ ಬ್ಯಾಟಿಗೆ ಬಾಲೇ ತಾಗ್ತಿರಲಿಲ್ಲ. ಆಗ ಮ್ಯಾಚ್ ಆಡಿಸುವುದೇ ನಿಲ್ಲಿಸಿ ಅರಿಜೋನಾದ ಕ್ಯಾಂಪಿಗೆ ಕಳಿಸಿದರು, ಸ್ಕೋರ್‌ಬೋರ್ಡ್ ಇಲ್ಲ, ಪ್ರೇಕ್ಷಕರಿಲ್ಲ, ಬ್ಯಾಟಿಂಗ್ ಕೋಚ್ ಒಬ್ಬರ ಜೊತೆ ಬರೀ ಸ್ವಿಂಗ್ ಸರಿ ಮಾಡುವ ಕೆಲಸ. ಜುಲೈ 4ಕ್ಕೆ ಶಿಕಾಗೋ ಟೀಮಿಗೆ ಬಂದವ 71 ಮ್ಯಾಚಿನಲ್ಲಿ 21 ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ) ಹೊಡೆದ. ಅದಕ್ಕೇ ನಿಮ್ಮ ಮಾವನಿಗೆ ಅಷ್ಟು ಉಮೇದು.

ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದವನೂ ಬರ್ತಾನೆ. ಶೇನ್ ಸ್ಮಿತ್ ಅಂತ ಪಿಚರ್, ನಮ್ಮ ಕ್ರಿಕೆಟ್ ಲೆಕ್ಕದಲ್ಲಿ ಬೌಲರ್ ಅಂತ ಇಟ್ಟುಕೊಳ್ಳಿ, ಡ್ರಾಫ್ಟಿನಲ್ಲಿ ಇವನನ್ನು ಯಾರೂ ಕೇಳಲೇ ಇಲ್ಲ. ಮಿಲ್ವಾಕಿ ಟೀಮಿನ ಮರಿಗಳ ಸಾಲಲ್ಲಿ ಇದ್ದ. ರೂಲ್ 5 ಅಂತ ಒಂದು ಕ್ರಮ ಉಂಟು, ಬೇರೆಯವರು ತಮ್ಮ 40 ಜನರ ಮುಖ್ಯ ಪಟ್ಟಿಗೆ ಸೇರಿಸದೆ ಬಿಟ್ಟ ಹುಡುಗನನ್ನು ನೀವು ಒಂದು ಲಕ್ಷ ಡಾಲರ್ ಕೊಟ್ಟು ಎತ್ತಿಕೊಳ್ಳಬಹುದು, ಶರತ್ತು ಏನೆಂದರೆ ಇಡೀ ಸೀಸನ್ ಮೇಲಿನ ಟೀಮಿನಲ್ಲೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ವಾಪಸ್ ಕೊಡಬೇಕು. ಗೆಲ್ಲುವ ಟೀಮಿಗೆ ಹಾಗೆ ಒಂದು ಜಾಗ ಖಾಲಿ ಬಿಡಲಿಕ್ಕೆ ಆಗುವುದಿಲ್ಲ, 121 ಸೋತವರಿಗೆ ಏನು ಕಷ್ಟ? ತಗೊಂಡರು, ಆಡಿಸಿದರು, ಅದೇ ವರ್ಷ ಹುಡುಗ ಲೀಗಿನ ಒಳ್ಳೆಯ ಆಟಗಾರರನ್ನು ಆರಿಸಿ ಕಟ್ಟುವ ಆಲ್ ಸ್ಟಾರ್ ಟೀಮಿಗೆ ಹೋದ.

ಪಟ್ಟಿಯನ್ನು ನಂಬಬೇಡಿ ಅಂತ ಕಾಸರಗೋಡಿನವರಿಗೆ ನಾನು ಹೇಳಬೇಕಾ? ತಳಂಗರೆಯ ಮುಹಮ್ಮದ್ ಅಜರುದ್ದೀನ್ 2021ರಲ್ಲಿ ಮುಂಬೈ ಎದುರು 54 ಬಾಲಿಗೆ 137 ಹೊಡೆದ, ಆರ್‌ಸಿಬಿ 20 ಲಕ್ಷಕ್ಕೆ ತಗೊಂಡು ಒಂದು ಮ್ಯಾಚೂ ಆಡಿಸಲಿಲ್ಲ. ಅದೇ ಹುಡುಗ 2025ರ ಫೆಬ್ರವರಿಯಲ್ಲಿ ರಣಜಿ ಸೆಮಿಫೈನಲ್‌ನಲ್ಲಿ ಔಟಾಗದೆ 177 ಹೊಡೆದು ಕೇರಳವನ್ನು ಮೊದಲ ಸಲ ಫೈನಲ್‌ಗೆ ಮುಟ್ಟಿಸಿದ.

ಪ್ರಶ್ನೆ: ಇದ್ದ ಒಬ್ಬ ಒಳ್ಳೆಯ ಪಿಚರ್ ಗ್ಯಾರೆಟ್ ಕ್ರೋಶೆಯನ್ನು ಬಾಸ್ಟನ್‌ಗೆ ಕೊಟ್ಟು ನಾಲ್ಕು ಹುಡುಗರನ್ನು ತಂದರಂತೆ. ಇದು ಬುದ್ಧಿ ಇದ್ದವರು ಮಾಡುವ ಕೆಲಸವಾ? ನನ್ನ ಮಗನೊಟ್ಟಿಗೆ ಇದೇ ವಿಷಯಕ್ಕೆ ಜಗಳ ಆಗಿ ಎರಡು ದಿನ ಫೋನ್ ಮಾತಿಲ್ಲ.
ನಿವೃತ್ತ ಮಾಷ್ಟ್ರು, ಉಪ್ಪಳ

ಉತ್ತರ: ಮಾಷ್ಟ್ರೇ, ಮೊದಲು ಫೋನ್ ಮಾಡಿ, ಇಬ್ಬರದ್ದೂ ಅರ್ಧರ್ಧ ಸರಿ ಉಂಟು. ಬಾಸ್ಟನ್‌ಗೆ ಹೋದ ಕ್ರೋಶೆ 2025ರಲ್ಲಿ 18 ಗೆಲುವು, 255 ಸ್ಟ್ರೈಕೌಟ್ (ಬಾಲ್ ಸರಿಯಾಗಿ ಹೊಡೆಯಲಿಕ್ಕೆ ಬಿಡದೆ ಔಟ್ ಮಾಡಿದ್ದು), ಲೀಗಿನ ಅತ್ಯುತ್ತಮ ಪಿಚರ್ ಪ್ರಶಸ್ತಿಗೆ ಎರಡನೇ ಸ್ಥಾನ. ನಿಮ್ಮ ಹೊಟ್ಟೆ ಉರಿಯುವುದರಲ್ಲಿ ತಪ್ಪಿಲ್ಲ. ಆದರೆ ವೈಟ್ ಸಾಕ್ಸ್‌ಗೆ ಅವನ ಮೇಲೆ ಹಕ್ಕು ಇದ್ದದ್ದೇ 2026ರವರೆಗೆ, ಬಾಸ್ಟನ್ ಅವನನ್ನು ನಿಲ್ಲಿಸಿಕೊಳ್ಳಲಿಕ್ಕೆ ಆರು ವರ್ಷಕ್ಕೆ 17 ಕೋಟಿ ಡಾಲರ್ ಬರೆದುಕೊಟ್ಟಿತು, ಅಷ್ಟು ದುಡ್ಡು ಬೇಸ್‌ಬಾಲಿನವನಿಗೆ ಅಂತ ಈ ಮಾಲೀಕರ ಕೈಯಿಂದ ಯಾವ ಕಾಲಕ್ಕೂ ಬಿಚ್ಚಿದ್ದಿಲ್ಲ. ಹೇಗೂ ಹೋಗುವವನನ್ನು ಬೆಲೆ ಇರುವಾಗ ಕೊಟ್ಟರು, ಬದಲಿಗೆ ಬಂದ ಕೈಲ್ ಟೀಲ್ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಹಾಗೆ) ಆಗಿ ಈಗಾಗಲೇ ಕೈ ಹಿಡಿದಿದ್ದಾನೆ, ಚೇಸ್ ಮೈಡ್ರಾತ್ ಇನ್‌ಫೀಲ್ಡಿನಲ್ಲಿ ದಿನಾ ಆಡ್ತಾನೆ, ಬ್ರೇಡನ್ ಮಾಂಟ್‌ಗೊಮರಿ 2025ರಲ್ಲಿ ಇನ್ನೂ ಕೆಳಗೆ ಹಣ್ಣಾಗ್ತಾ ಇದ್ದ. ಒಬ್ಬ ಪಿಚರ್ ಐದು ದಿನಕ್ಕೊಮ್ಮೆ ಆಡುವವ, 121 ಸೋತ ವರ್ಷವೂ ಅವ ಇದೇ ಟೀಮಿನಲ್ಲಿ ಇದ್ದ, ಅಷ್ಟೇ.

ನನ್ನ ಸಂಶಯ ಬೇರೆ ಕಡೆ. ಇದೇ ಜನ ಇದೇ ಬಾಸ್ಟನ್ ಜೊತೆ ಇದೇ ಕೆಲಸ ಒಮ್ಮೆ ಮಾಡಿ ಮುಗಿಸಿದ್ದಾರೆ. 2016ರ ಡಿಸೆಂಬರಿನಲ್ಲಿ ಕ್ರಿಸ್ ಸೇಲ್ ಅನ್ನುವ ಭಯಂಕರ ಪಿಚರನ್ನು ಬಾಸ್ಟನ್‌ಗೆ ಕೊಟ್ಟು ಯೋವಾನ್ ಮೊಂಕಾಡಾ, ಮೈಕೆಲ್ ಕೋಪೆಕ್ ಅಂತ ಹುಡುಗರನ್ನು ತಂದರು, ಮರುವರ್ಷ ಕ್ವಿಂಟಾನಾನನ್ನು ಅದೇ ಊರಿನ ಕಬ್ಸ್‌ಗೆ ಕೊಟ್ಟು ಎಲೋಯ್ ಹಿಮೆನೆಜ್, ಡಿಲನ್ ಸೀಸ್‌ರನ್ನು ತಂದರು, ಆಗಲೂ ಇಡೀ ಅಮೆರಿಕ ಆಹಾ ಎಂಥಾ ಹುಡುಗರು ಅಂದಿತ್ತು. ಸೋತು ಸೋತು ಕಾದರು. 2021ರಲ್ಲಿ 93 ಗೆದ್ದು ಡಿವಿಷನ್, ಅಂದರೆ ಲೀಗಿನೊಳಗಿನ ತಮ್ಮ ಗುಂಪಿನ ಚಾಂಪಿಯನ್ ಆದರು, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹ್ಯೂಸ್ಟನ್ ಹೊಡೆದು ಹಾಕಿತು. ಅಲ್ಲಿಗೆ ಮುಗಿಯಿತು! ಎರಡು ವರ್ಷಕ್ಕೆ 101 ಸೋಲು, ಮೂರಕ್ಕೆ 121. ಹುಡುಗರು ಕೆಟ್ಟವರಾಗಿರಲಿಲ್ಲ, ಗಾಯ ಆಯ್ತು, ಒಬ್ಬರ ಹಿಂದೆ ನಿಲ್ಲಲಿಕ್ಕೆ ಇನ್ನೊಬ್ಬ ಇರಲಿಲ್ಲ, ಗೆಲ್ಲುವ ಹೊತ್ತಿಗೆ ಬೇಕಾದ ದೊಡ್ಡ ಆಟಗಾರನಿಗೆ ದುಡ್ಡು ಬಿಚ್ಚಲಿಲ್ಲ. ಹಾಗಾಗಿ ನಿಮ್ಮ ಮಗ ಹುಡುಗರು ಒಳ್ಳೆಯವರು ಅಂದರೆ ಹೌದು ಅನ್ನಿ, 2028ರಲ್ಲಿ ಈ ಹುಡುಗರ ಸುತ್ತ ಯಾರನ್ನು ಕೊಂಡು ನಿಲ್ಲಿಸ್ತಾರೆ ಅಂತ ಕೇಳಿ. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಕ್ಕಿಲ್ಲ.

ಪ್ರಶ್ನೆ: ಡ್ರಾಫ್ಟಿನಲ್ಲಿ ಒಳ್ಳೆಯ ಹುಡುಗ ಸಿಗಲಿ ಅಂತ ಬೇಕಂತಲೇ ಸೋಲ್ತಾರೆ ಅಂತ ಭಾವ ಹೇಳ್ತಾರೆ, ನಿಜವಾ?
ಪೆರ್ಲ

ಉತ್ತರ: ಆಡುವವರು ಬೇಕಂತ ಸೋಲುವುದಿಲ್ಲ. ಆ ಟೀಮಿನವರು 1919ರ ಫೈನಲ್‌ನಲ್ಲಿ ಜೂಜುಕೋರರ ದುಡ್ಡಿಗೆ ಬಿದ್ದರು ಅಂತ ಎಂಟು ಜನರನ್ನು ಆಟದಿಂದಲೇ ಹೊರಗೆ ಹಾಕಿದ್ದು ದೊಡ್ಡ ಕತೆ, ಅದು ಬೇರೆ. ಈಗ ಸೋಲುವ ಹಾಗೆ ಟೀಮ್ ಕಟ್ಟುವುದು ಆಫೀಸಿನವರು. ಮೊದಲೆಲ್ಲ ಹೆಚ್ಚು ಸೋತವರಿಗೇ ಡ್ರಾಫ್ಟಿನಲ್ಲಿ ಮೊದಲು ಆರಿಸುವ ನಂಬರ್ ಸಿಗ್ತಿತ್ತು. ಹ್ಯೂಸ್ಟನ್ 2011ರಿಂದ ಮೂರು ವರ್ಷ 106, 107, 111 ಸೋತು ಹುಡುಗರನ್ನು ಬಾಚಿಕೊಂಡಿತು, 2017ರಲ್ಲಿ ಕಪ್ ಎತ್ತಿತು. ಎಲ್ಲರೂ ಅದೇ ದಾರಿ ಹಿಡಿಯಬಾರದು ಅಂತ ಈಗ ಮೊದಲ ಆರು ನಂಬರಿಗೆ ಲಾಟರಿ ಇಟ್ಟಿದ್ದಾರೆ, ದೊಡ್ಡ ಊರಿನ ಟೀಮಿಗೆ ಎರಡು ವರ್ಷ ಸಾಲಾಗಿ ಲಾಟರಿ ನಂಬರ್ ಇಲ್ಲ ಅಂತಲೂ ಮಾಡಿದ್ದಾರೆ. ಹಾಗಾಗಿ 121 ಸೋತವರಿಗೆ 2025ರಲ್ಲಿ ಸಿಕ್ಕಿದ್ದು 10ನೇ ನಂಬರ್! ಸೋತದ್ದೂ ದಂಡ. 2026ಕ್ಕೆ ಮಾತ್ರ ಲಾಟರಿ ಹೊಡೆದು ಒಂದನೇ ನಂಬರ್ ಸಿಕ್ಕಿದೆ.

ಪ್ರಶ್ನೆ: ನಮ್ಮ ಪೋಪ್ ಲಿಯೋ ಅವರು ಈ ಟೀಮಿನ ಫ್ಯಾನ್ ಅಂತೆ, ಹೌದಾ? ಪ್ರಾರ್ಥನೆಯಿಂದ ಏನಾದ್ರೂ ಆಗಬಹುದಾ?
ಬೇಳ

ಉತ್ತರ: ಹೌದು. ಹುಟ್ಟಿದ್ದು ಶಿಕಾಗೋ, 2005ರ ಫೈನಲ್‌ನ ಮೊದಲ ಮ್ಯಾಚಿಗೆ ಸ್ಟೇಡಿಯಮ್‌ನಲ್ಲಿ ಕೂತದ್ದು ಟೀವಿಯಲ್ಲೂ ಬಂದಿದೆ. ಆ ವರ್ಷ 88 ವರ್ಷದ ನಂತರ ಕಪ್ ಗೆದ್ದರು. ಇನ್ನೊಮ್ಮೆ ಟಿಕೆಟ್ ಕಳಿಸಿ ಕರೆಸಿದರೆ ಆದೀತು.

ಪ್ರಶ್ನೆ: ನಾನು ಅಂಗಡಿ ಇಟ್ಟವ, ವ್ಯಾಪಾರ ಇಲ್ಲದಿದ್ದರೆ ಸಾಮಾನು ಬದಲಾಯಿಸ್ತೇನೆ. ಇವರ ಮಾಲೀಕ ಯಾಕೆ ದುಡ್ಡು ಹಾಕುವುದಿಲ್ಲ?
ಹೊಸಂಗಡಿ

ಉತ್ತರ: ಮಾಲೀಕರು ಜೆರ್ರಿ ರೈನ್ಸ್‌ಡಾರ್ಫ್, 1981ರಿಂದ ಅವರದ್ದೇ ಟೀಮ್, ಬಾಸ್ಕೆಟ್‌ಬಾಲಿನ ಶಿಕಾಗೋ ಬುಲ್ಸ್ ಕೂಡ ಅವರದ್ದೇ. ಕ್ಲಬ್ಬಿನ ಚರಿತ್ರೆಯಲ್ಲೇ ದೊಡ್ಡ ಕರಾರು ಅಂದರೆ ಆಂಡ್ರೂ ಬೆನಿಂಟೆಂಡಿಗೆ ಐದು ವರ್ಷಕ್ಕೆ 7.5 ಕೋಟಿ ಡಾಲರ್, ಬೇರೆ ಟೀಮಿನವರು ಅದರ ಹತ್ತು ಪಾಲು ಒಬ್ಬನಿಗೇ ಕೊಡುವ ಕಾಲ ಇದು. 2024ರಲ್ಲಿ ಜನ ಸ್ಟೇಡಿಯಮ್‌ನಲ್ಲೇ ಟೀಮ್ ಮಾರಿ ಹೋಗಿ ಅಂತ ಬೊಬ್ಬೆ ಹಾಕಿದರು. 2025ರಲ್ಲಿ ಜಸ್ಟಿನ್ ಇಶ್ಬಿಯಾ ಅನ್ನುವವರ ಜೊತೆ ಒಪ್ಪಂದ ಆಗಿದೆ, 2029ರಿಂದ 2033ರ ಒಳಗೆ ರೈನ್ಸ್‌ಡಾರ್ಫ್ ಮನಸ್ಸು ಮಾಡಿದರೆ ಮಾರಬಹುದು, 2034ರ ಸೀಸನ್ ಮುಗಿದ ಮೇಲೆ ಇಶ್ಬಿಯಾ ತಾನೇ ಕೇಳಿ ತಗೊಳ್ಳಬಹುದು. ನಿಮ್ಮ ಅಂಗಡಿ ಹೀಗೆ ನಡೆದರೆ ಬ್ಯಾಂಕಿನವರು ಬಂದು ಬೀಗ ಹಾಕ್ತಿದ್ರು.

ಪ್ರಶ್ನೆ: ನನ್ನ ಅಳಿಯ ಡೆನ್ವರ್‌ನಲ್ಲಿ ಇರುವುದು, ಅವನು ಹೇಳ್ತಾನೆ ವೈಟ್ ಸಾಕ್ಸ್ ಎಂತದ್ದೂ ಅಲ್ಲ, ನಮ್ಮ ರಾಕೀಸ್ ಅದಕ್ಕಿಂತ ದರಿದ್ರ ಅಂತ.
ನೀರ್ಚಾಲು

ಉತ್ತರ: ಅಳಿಯಂದಿರ ಹೆಮ್ಮೆ ನೋಡಿ! 2025ರಲ್ಲಿ ಕೊಲರಾಡೋ ರಾಕೀಸ್ 43 ಗೆದ್ದು 119 ಸೋತದ್ದು. ಲೆಕ್ಕದಲ್ಲಿ ಎರಡು ಸೋಲು ಕಡಿಮೆ, ಆದರೆ ಹೊಡೆದ ರನ್ನಿಗಿಂತ ಬಿಟ್ಟುಕೊಟ್ಟ ರನ್ 424 ಹೆಚ್ಚು, ಅದು 1900ರ ಈಚೆಗಿನ ದಾಖಲೆ. ಹೊಡೆಸಿಕೊಳ್ಳುವುದರಲ್ಲಿ ಅಳಿಯನಿಗೇ ಜಯ.

ಪ್ರಶ್ನೆ: ಜಪಾನಿನಿಂದ ಮುನೆತಾಕಾ ಮುರಾಕಾಮಿಯನ್ನು ತಂದಿದ್ದಾರಲ್ಲ, 2026ರಲ್ಲಿ ಎಷ್ಟು ಗೆಲ್ಲಬಹುದು? ಮನೆಯಲ್ಲಿ ಪಂಥ ಕಟ್ಟಿದ್ದೇವೆ, ಸೋತವರು ಎಲ್ಲರಿಗೂ ಗೋಳಿಬಜೆ ಕೊಡಿಸಬೇಕು.
ಕುಂಬಳೆ

ಉತ್ತರ: ಮುರಾಕಾಮಿ 2022ರಲ್ಲಿ ಅಲ್ಲಿನ ಲೀಗಿನಲ್ಲಿ 56 ಹೋಮ್ ರನ್ ಹೊಡೆದವ, ಜಪಾನಿನಲ್ಲಿ ಹುಟ್ಟಿದ ಆಟಗಾರರಲ್ಲಿ ಅದೇ ಹೆಚ್ಚು. ಹಾಗಿದ್ದೂ ಎರಡೇ ವರ್ಷಕ್ಕೆ 3.4 ಕೋಟಿ ಡಾಲರಿಗೆ ಸಿಕ್ಕಿದ್ದಾನೆ ಅಂದರೆ ಕಾರಣ ಉಂಟು, ಸ್ಟ್ರೈಕೌಟ್ ಬಹಳ, ವೇಗದ ಬಾಲ್ ಬಂದರೆ ಬ್ಯಾಟ್ ತಡ ಆಗ್ತದೆ ಅಂತ ದೊಡ್ಡ ಟೀಮಿನವರಿಗೆ ಹೆದರಿಕೆ. ಚೆನ್ನಾಗಿ ಆಡಿದರೆ ಎರಡು ವರ್ಷಕ್ಕೆ ಬೇರೆ ಕಡೆ ದೊಡ್ಡ ದುಡ್ಡಿಗೆ ಹೋಗ್ತಾನೆ, ಅಥವಾ ಇವರೇ ಮಧ್ಯದಲ್ಲಿ ಕೊಟ್ಟು ಇನ್ನೂ ನಾಲ್ಕು ಹುಡುಗರನ್ನು ತರ್ತಾರೆ, ಉಪ್ಪಳದ ಮಾಷ್ಟ್ರಿಗೆ ಮತ್ತೆ ಬಿಪಿ. ಕೋಲ್ಸನ್ ಪೂರ್ತಿ ಸೀಸನ್ ಆಡಿ, ಟೀಲ್‌ಗೆ ಗಾಯ ಆಗದೆ, ಸ್ಮಿತ್ ಎರಡನೇ ವರ್ಷವೂ ನಿಂತರೆ 70ರ ಹತ್ತಿರ ಬರಬಹುದು. ನಾನು 68 ಅಂತ ಬರೆದುಕೊಳ್ತೇನೆ. ಅದಕ್ಕಿಂತ ಹೆಚ್ಚು ಹೇಳಿದವರು ಯಾರೋ ಅವರ ಹತ್ತಿರ ಗೋಳಿಬಜೆಯ ದುಡ್ಡು ಈಗಲೇ ತೆಗೆದಿಟ್ಟುಕೊಳ್ಳಿ, ಚಟ್ನಿ ಮರೆಯಬೇಡಿ.