ಲಂಗರು ಹಾಕಿದ ದೋಣಿಗೆ ಎಂಥ ದೀಪ?

ಪ್ರಶ್ನೆ: ನನ್ನದು 20 ಅಡಿಯ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್. ಗಂಗೊಳ್ಳಿ ಅಳಿವೆಯ ಹತ್ತಿರ ರಾತ್ರಿ ಲಂಗರು ಹಾಕಿ ಗಾಳ ಬಿಡುತ್ತೇವೆ. ಇಷ್ಟು ದಿನ ಟಾರ್ಚೇ ಗತಿಯಾಗಿತ್ತು. ಈಗ ಒಂದು ಲಂಗರು ದೀಪ ಹಾಕಿಸೋಣ ಅಂತಿದ್ದೇನೆ. ತೋಟದ ಸೋಲಾರ್ ದೀಪ ಸಾಕು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಇಷ್ಟು ಚಿಕ್ಕ ದೋಣಿಗೆ ದೀಪವೇ ಬೇಡ ಅಂತ ಇನ್ನೊಬ್ಬ. ಏನು ಮಾಡಲಿ?

ಉತ್ತರ: ಎರಡನೆಯ ಗೆಳೆಯ ಹೇಳಿದ್ದು ಅರ್ಧ ನಿಜ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಿವೆ. ಅದರ 30ನೇ ನಿಯಮ 7 ಮೀಟರಿಗಿಂತ ಚಿಕ್ಕ ದೋಣಿಗೆ ಲಂಗರು ದೀಪದಿಂದ ವಿನಾಯಿತಿ ಕೊಡುತ್ತದೆ. ನಿಮ್ಮದು 6 ಮೀಟರ್ ಚಿಲ್ಲರೆ. ಆದರೆ ಇಕ್ಕಟ್ಟಿನ ಕಾಲುವೆ, ಲಂಗರು ತಾಣ, ಬೇರೆ ದೋಣಿಗಳು ಓಡಾಡುವ ಜಾಗ, ಇವುಗಳಲ್ಲಾಗಲಿ ಹತ್ತಿರದಲ್ಲಾಗಲಿ ನಿಂತರೆ ಆ ವಿನಾಯಿತಿ ಇಲ್ಲ. ಅಳಿವೆ ಬಾಯಲ್ಲಿ ನಿಂತು 'ಇಲ್ಲಿ ಯಾರೂ ಬರಲ್ಲ' ಅನ್ನೋಕಾಗುತ್ತಾ? ಬಂದರಿಗೆ ಹೋಗಿ ಬರುವ ಬೋಟ್‌ಗಳಿಗೆಲ್ಲ ಅದೇ ದಾರಿ ಅಲ್ವಾ? ರಾತ್ರಿಯೆಲ್ಲ ನಿದ್ದೆಗೆಟ್ಟು ಬರುವ ತಂಡೇಲನಿಗೆ, ಅಂದರೆ ಬೋಟ್ ನಡೆಸುವವನಿಗೆ, ನೀವು ಕಾಣಬೇಕು. ದೀಪ ಇರೋದು ಅವನಿಗಾಗಿ.

ನಿಮಗೆ ಬೇಕಾದ್ದು ಸುತ್ತಲೂ, ಅಂದರೆ 360 ಡಿಗ್ರಿ ಕಾಣುವ ಒಂದೇ ಬಿಳಿ ದೀಪ. 2 ನಾಟಿಕಲ್ ಮೈಲಿ, ಸುಮಾರು 3.7 ಕಿಲೋಮೀಟರ್ ದೂರಕ್ಕೆ ಕಾಣಬೇಕು. ಹಾಗಂತ ಹೆದರಬೇಡಿ. ಅದಕ್ಕೆ ಬೇಕಾದ ಬೆಳಕು 4.3 ಕ್ಯಾಂಡೆಲಾ, ಹೆಚ್ಚುಕಡಿಮೆ ನಾಲ್ಕು ಮೇಣದಬತ್ತಿಯಷ್ಟು. ಡಬ್ಬದ ಮೇಲೆ '2 ಎನ್‌ಎಂ' ಎಂದು ಬರೆದಿದೆಯಾ ನೋಡಿ. ತೋಟದ ದೀಪ ಇಲ್ಲೇ ಸೋಲುತ್ತದೆ. ಅದರ ತಲೆಗೆ ಟೋಪಿ ಇರುತ್ತದೆ, ಬೆಳಕೆಲ್ಲ ಗಿಡದ ಬುಡಕ್ಕೆ. ಹಗಲು ಮೋಡ ಇದ್ದರಂತೂ ನಡುರಾತ್ರಿಗೇ ಮಂಕಾಗುತ್ತದೆ.

ಹಾಗಂತ ಫ್ಲಡ್ ಲೈಟ್ ಕಟ್ಟಲೂ ಹೋಗಬೇಡಿ. ಎದುರಿನವನ ಕಣ್ಣು ಕುಕ್ಕುತ್ತದೆ. ಮೀನೂ ಬರುತ್ತೆ ಅನ್ನುವ ಆಸೆ ಇದ್ದರೆ, ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ.

ಇನ್ನು ಬ್ಯಾಟರಿ. ಜಾಸ್ತಿ ಜನ ಎಡವೋದು ಇಲ್ಲೇ, ನಾನೂ ಎಡವಿದ್ದೇನೆ. ನನ್ನ ಹಳೇ ದೋಣಿಯಲ್ಲಿ 10 ವ್ಯಾಟ್‌ನ ಸಾದಾ ಬಲ್ಬ್ ಇತ್ತು. 12 ವೋಲ್ಟ್ ಬ್ಯಾಟರಿಯಲ್ಲಿ 12 ಗಂಟೆ ಉರಿದರೆ ಅದು 10 ಆಂಪಿಯರ್-ಅವರ್ (ಬ್ಯಾಟರಿ ಚಾರ್ಜಿನ ಅಳತೆ) ತಿನ್ನುತ್ತದೆ. ಅದೇ ಬ್ಯಾಟರಿಗೆ ಮೀನು ಹುಡುಕುವ ಫಿಶ್ ಫೈಂಡರ್ ಯಂತ್ರ, ಎರಡು ಮೊಬೈಲ್ ಚಾರ್ಜರ್ ಬೇರೆ. ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಎಲ್ಲೆಲ್ಲೂ ಕತ್ತಲು. ಟ್ರಾಲ್ ಬೋಟ್‌ನ ಡಬಡಬ ಸದ್ದು ಹತ್ತಿರ ಬರ್ತಾ ಇತ್ತು. ಟಾರ್ಚ್ ಹುಡುಕಿ ಬೀಸುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಬೆಳಗ್ಗೆ ಎಂಜಿನ್ ಸೆಲ್ಫ್ ಕೂಡ ಎತ್ತಲಿಲ್ಲ. 2 ವ್ಯಾಟ್‌ನ ಎಲ್‌ಇಡಿ ಆದರೆ ಅಷ್ಟೇ ಹೊತ್ತಿಗೆ 2 ಆಂಪಿಯರ್-ಅವರ್ ಸಾಕು. ದುಡ್ಡು ಸ್ವಲ್ಪ ಜಾಸ್ತಿಯಾದರೂ ಎಲ್‌ಇಡಿಯನ್ನೇ ತಗೊಳ್ಳಿ. ನಿಮ್ಮಲ್ಲಿ ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್‌ಎಫ್ ರೇಡಿಯೋ ಇದ್ದರೆ, ದೀಪ ಹಾಕಿ ಆರಿಸಿ ರೇಡಿಯೋಗೆ ಕಿವಿಗೊಡಿ. ಕೆಲವು ಅಗ್ಗದ ಎಲ್‌ಇಡಿಗಳು ಅದರಲ್ಲಿ ಗೊರಗೊರ ಎಬ್ಬಿಸುತ್ತವೆ. ಅಂಥದ್ದನ್ನು ಅಂಗಡಿಗೇ ವಾಪಸ್ ಕೊಡಿ.

ದೀಪವನ್ನು ಒಂದು ಪೈಪಿನ ತುದಿಗೆ, ನಿಂತ ಮನುಷ್ಯನ ತಲೆಗಿಂತ ಮೇಲೆ ಬರುವ ಹಾಗೆ ಕೂರಿಸಿ. ಅದಕ್ಕಿಂತ ಕೆಳಗಿದ್ದರೆ ಗಾಳ ಎಳೆಯಲು ಎದ್ದವನ ಬೆನ್ನೇ ಬೆಳಕಿಗೆ ಅಡ್ಡ. ಕೆಳಗೆ ಕಪ್ಪು ಬಣ್ಣ ಬಳಿದ ಅಂಗೈ ಅಗಲದ ತಗಡು ಹಾಕಿದರೆ ನಿಮ್ಮ ಕಣ್ಣಿಗೆ ಹೊಡೆಯುವುದಿಲ್ಲ. ಹಾಕಿದ ಮೇಲೆ ಬೇರೆ ದೋಣಿಯಲ್ಲಿ ಒಂದು ಸುತ್ತು ಹೊಡೆದು ನೋಡಿ, ಎಲ್ಲಾದರೂ ಮರೆಯಾಗುತ್ತಾ ಅಂತ.

ಇದೇ ದೀಪ ಓಡುವಾಗಲೂ ಕೆಲಸಕ್ಕೆ ಬರುತ್ತದೆ. 12 ಮೀಟರಿಗಿಂತ ಚಿಕ್ಕ ಯಾಂತ್ರಿಕ ದೋಣಿ ಸುತ್ತ ಕಾಣುವ ಬಿಳಿ ದೀಪದ ಜೊತೆ ಕೆಂಪು-ಹಸಿರು ಬದಿ ದೀಪ ಹಾಕಿ ಓಡಬಹುದು. ಬಿಳಿ ದೀಪ ಬದಿ ದೀಪಕ್ಕಿಂತ ಕನಿಷ್ಠ 1 ಮೀಟರ್ ಮೇಲಿರಬೇಕು. ಲಂಗರು ಹಾಕಿದ ಕೂಡಲೇ ಕೆಂಪು-ಹಸಿರು ಆರಿಸಿಬಿಡಿ. ಇಲ್ಲದಿದ್ದರೆ ನೀವು ಓಡ್ತಾ ಇದ್ದೀರಿ ಅಂತಲೇ ಎದುರಿನವರು ತಿಳಿಯುತ್ತಾರೆ.

ವೈರಿನ ಬಗ್ಗೆ ಒಂದು ಮಾತು. ಉಪ್ಪು ಗಾಳಿಗೆ ತಾಮ್ರದ ಜಾಯಿಂಟ್ ಕೆಲವೇ ತಿಂಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ತವರ ಲೇಪಿಸಿದ ತಾಮ್ರದ ವೈರ್ ಕೇಳಿ ತನ್ನಿ, ಬ್ಯಾಟರಿ ಪಕ್ಕದಲ್ಲೇ ಚಿಕ್ಕ ಫ್ಯೂಸ್ ಹಾಕಿ.

ಪ್ರಶ್ನೆ: ಮಿಣುಕುವ ದೀಪ ಬೇಗ ಕಣ್ಣಿಗೆ ಬೀಳುತ್ತೆ. ಅದನ್ನೇ ಹಾಕಬಹುದಾ? (ಕಾರವಾರದ ಓದುಗರು)

ಉತ್ತರ: ಬೇಡ. ಲಂಗರು ದೀಪ ಒಂದೇ ಸಮ ಉರಿಯಬೇಕು. ಮಿಣುಕಿದರೆ ಬಲೆಯ ಗುರುತೋ, ದಾರಿ ತೋರಿಸಲು ತೇಲಿಬಿಟ್ಟ ಬೋಯಾವೋ, ಯಾರೋ ಸಹಾಯ ಕೇಳ್ತಿದ್ದಾರೋ ಅಂತ ದೂರದವನಿಗೆ ಗೊಂದಲ. ಬಲೆ ಅಂದುಕೊಂಡರೆ ಪಕ್ಕದಲ್ಲೇ ಹಾದುಹೋಗ್ತಾನೆ.