ಅಕ್ಷರಕ್ಕೆ ತಡವರಿಸುವ ಮಗು: ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮ ಮಗನಿಗೆ ಎಂಟು ವರ್ಷ ತುಂಬಿದೆ. ಕಾಳಿ ನದಿಯ ದಂಡೆಯಲ್ಲಿರುವ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿ ಓದುತ್ತಿದ್ದಾನೆ. ಮನೆಯಲ್ಲಿ ನಾವು ಕೊಂಕಣಿ ಆಡುತ್ತೇವಾದರೂ ಅವನು ಕನ್ನಡವನ್ನು ಸರಾಗವಾಗಿ ಮಾತನಾಡುತ್ತಾನೆ, ಬಾಯಿಲೆಕ್ಕದಲ್ಲಿಯೂ ಚುರುಕಾಗಿದ್ದಾನೆ. ಆದರೆ ಓದುವಾಗ ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ. ಬೋರ್ಡು ನೋಡಿ ಬರೆದುಕೊಳ್ಳುವಾಗ ಅಕ್ಷರಗಳು ಬಿಟ್ಟುಹೋಗುತ್ತವೆ. ಮನೆಮಾತು ಕೊಂಕಣಿಯಾದ್ದರಿಂದ ಹೀಗಾಗುತ್ತದೆ, ನಿಧಾನವಾಗಿ ಸರಿಹೋಗುತ್ತದೆ ಎಂದು ಟೀಚರ್ ಹೇಳುತ್ತಾರೆ. ಬೆಂಗಳೂರಿನಲ್ಲಿ ನನ್ನ ಅಣ್ಣನ ಮಕ್ಕಳು ಓದುವ ಶಾಲೆಯಲ್ಲಿ ಆಪ್ತಸಮಾಲೋಚಕರು, ವಿಶೇಷ ಶಿಕ್ಷಕರು ಇದ್ದಾರಂತೆ. ಮಗನನ್ನು ಅಲ್ಲಿಗೆ ಕಳುಹಿಸಬೇಕೇ?
— ಓದುಗರೊಬ್ಬರು, ಕಾರವಾರ ತಾಲ್ಲೂಕು

ಉತ್ತರ: ಸದ್ಯಕ್ಕೆ ಬೇಡ. ಇಲ್ಲಿ ಮಾಡಬೇಕಾದ ಕೆಲಸಗಳು ಇನ್ನೂ ಆರಂಭವೇ ಆಗಿಲ್ಲ.

ಟೀಚರ್ ಹೇಳಿದ ಕಾರಣ ನಮ್ಮ ಕರಾವಳಿಯ ಬಹಳಷ್ಟು ಮಕ್ಕಳ ಮಟ್ಟಿಗೆ ನಿಜವೇ ಆಗಿರುತ್ತದೆ. ಆದರೆ ಮನೆಮಾತು ಬೇರೆಯಾದದ್ದೇ ಕಾರಣವಾಗಿದ್ದರೆ ತೊಡಕು ಮಾತಿನಲ್ಲಿಯೂ, ಪಾಠ ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿಯೂ ಕಾಣಿಸಿಕೊಳ್ಳಬೇಕಿತ್ತು. ನಿಮ್ಮ ಮಗನಿಗೆ ತೊಂದರೆ ಇರುವುದು ಓದುಬರಹದಲ್ಲಿ ಮಾತ್ರ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಕಾದು ನೋಡುವುದು ಸರಿಯಲ್ಲ.

ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಲಿ. ಬೋರ್ಡಿನ ಅಕ್ಷರ ಬಿಟ್ಟುಹೋಗುವುದಕ್ಕೆ ದೃಷ್ಟಿದೋಷವೂ ಕಾರಣವಿರಬಹುದು, ಅದಕ್ಕೆ ಕನ್ನಡಕವೊಂದೇ ಸಾಕಾಗಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಅದರ ಪಟ್ಟಿಯಲ್ಲಿ ದೃಷ್ಟಿ, ಶ್ರವಣ ದೋಷಗಳ ಜೊತೆಗೆ ಕಲಿಕಾ ತೊಂದರೆಯೂ ಇದೆ. ತಂಡ ಬರುವವರೆಗೆ ಕಾಯದೆ ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿಯೇ ತೋರಿಸಿಬಿಡಿ.

ಇನ್ನು ತಜ್ಞರ ವಿಷಯ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಸಾಮಾನ್ಯವಾಗಿ ಶಾಲೆಯೊಳಗೆ ಇರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರು ಹಲವು ಶಾಲೆಗಳನ್ನು ಸುತ್ತಬೇಕಾಗುತ್ತದೆ. ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿಯೇ ಹೇಳಿದೆ. ತಾಲ್ಲೂಕಿಗೆ ಇರುವ ಬೆರಳೆಣಿಕೆಯ ಶಿಕ್ಷಕರನ್ನು ನೋಡಿದರೆ ಆ ಮಾತಿಗೂ ವಾಸ್ತವಕ್ಕೂ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ. ಆದ್ದರಿಂದಲೇ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಮುಖ್ಯಶಿಕ್ಷಕರಿಗೆ ಅರ್ಜಿ ಬರೆದುಕೊಟ್ಟು, ಒಂದು ಪ್ರತಿಯನ್ನು ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿಯವರಿಗೂ (ಸಮೂಹ ಸಂಪನ್ಮೂಲ ವ್ಯಕ್ತಿ) ತಲುಪಿಸಿ, ಸ್ವೀಕೃತಿ ಪಡೆದುಕೊಳ್ಳಿ. ಅರ್ಜಿಯ ಜೊತೆಗೆ ಮಗುವಿನ ನೋಟುಬುಕ್ಕಿನ ಕೆಲವು ಪುಟಗಳನ್ನೂ, ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ನಲಿಕಲಿ ಪದ್ಧತಿಯ ಪ್ರಗತಿ ದಾಖಲೆಯನ್ನೂ ಇಡಿ; ಮಗು ಯಾವ ಮೆಟ್ಟಿಲಲ್ಲಿ ಎಷ್ಟು ಕಾಲದಿಂದ ನಿಂತಿದೆ ಎಂಬುದು ತಜ್ಞರಿಗೆ ಅದರಿಂದಲೇ ಗೊತ್ತಾಗುತ್ತದೆ, ನಾವು ‘ಓದುವುದಿಲ್ಲ’ ಎಂದು ಹೇಳುವುದರಿಂದಲ್ಲ.

ಕಣ್ಣು, ಕಿವಿ ಸರಿಯಿದ್ದರೆ ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಾಗಿದ್ದೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೊಡಕಾಗುವುದು, ಇದೆಯೇ ಎಂದು ನೋಡಬೇಕು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಇದನ್ನು 21 ನ್ಯೂನತೆಗಳ ಪಟ್ಟಿಗೆ ಸೇರಿಸಿದೆ. ಅದನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯ ಹೊಣೆ ಎಂದೂ ಹೇಳುತ್ತದೆ. ಈ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮೇಲಷ್ಟೇ ಕೊಡುತ್ತಾರೆ, ಬುದ್ಧಿಮಟ್ಟದ ಪರೀಕ್ಷೆಯೂ ಅದರ ಭಾಗವಾಗಿರುತ್ತದೆ. ಮಕ್ಕಳ ತಜ್ಞರು ಮತ್ತು ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಸೇರಿ ಮಾಡುವ ಈ ಪರೀಕ್ಷೆಗೆ ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಬೆಂಗಳೂರಿಗಿಂತ ಹತ್ತಿರ. ಹೋಗುವ ಮುನ್ನ ಫೋನಿನಲ್ಲಿ ದಿನ ಗೊತ್ತುಮಾಡಿಕೊಳ್ಳಿ.

ಪಾಠದ ನೆರವು ಮಾತ್ರ ಪ್ರಮಾಣಪತ್ರ ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಬೆಂಚಿನಲ್ಲಿ ಕೂರಿಸುವುದು, ಬೋರ್ಡಿನ ಬರಹವನ್ನು ಚೀಟಿಯಲ್ಲಿ ಬರೆದುಕೊಡುವುದು, ಉತ್ತರವನ್ನು ಬಾಯಲ್ಲಿ ಹೇಳಲು ಬಿಡುವುದು, ಎಲ್ಲರೆದುರು ಗಟ್ಟಿಯಾಗಿ ಓದು ಎಂದು ಒತ್ತಾಯಿಸದಿರುವುದು, ಇವಿಷ್ಟನ್ನು ಟೀಚರ್ ನಾಳೆಯಿಂದಲೇ ಮಾಡಬಹುದು. ಮನೆಯಲ್ಲಿ ಕೊಂಕಣಿ ಆಡುವುದನ್ನು ನಿಲ್ಲಿಸಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ.

ಪ್ರಶ್ನೆ: ನಮ್ಮದು ಇಬ್ಬರೇ ಶಿಕ್ಷಕರ ಶಾಲೆ. ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ತಿಂಗಳುಗಳಿಂದ ಯಾರೊಂದಿಗೂ ಮಾತನಾಡುತ್ತಿಲ್ಲ. ಆಪ್ತಸಮಾಲೋಚಕರಿಲ್ಲದ ನಾವು ಏನು ಮಾಡಬೇಕು?
— ಮುಖ್ಯಶಿಕ್ಷಕರು, ಅಂಕೋಲಾ ತಾಲ್ಲೂಕು

ಉತ್ತರ: ಮೊದಲು ಅವಳ ತಂದೆಯನ್ನು ಅಥವಾ ಅವಳನ್ನು ನೋಡಿಕೊಳ್ಳುವವರನ್ನು ಕರೆಸಿ ಮಾತನಾಡಿ, ಅವರ ಒಪ್ಪಿಗೆ ಪಡೆದು ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೆಯಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯದ ಸಂಶಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದನ್ನು ತಡಮಾಡಬೇಡಿ. ಇಬ್ಬರು ಶಿಕ್ಷಕರಲ್ಲಿ ಅವಳಿಗೆ ಯಾರ ಸಲುಗೆ ಹೆಚ್ಚೋ ಅವರೇ ದಿನವೂ ಸ್ವಲ್ಪ ಹೊತ್ತು ಜೊತೆಗಿರಲಿ, ಮಾತನಾಡಲೇಬೇಕೆಂಬ ಒತ್ತಾಯ ಬೇಡ.