ಲೋ ವಿಸಲ್ ತಯಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 22 ಮಿ.ಮೀ. ಒಳವ್ಯಾಸದ ಅಲ್ಯೂಮಿನಿಯಂ ಪೈಪಿನಲ್ಲಿ ಲೋ ಡಿ ವಿಸಲ್ (ಡಿ ಸ್ವರವೇ ಅತಿ ಕೆಳಗಿನದಾಗಿರುವ, ತಗ್ಗು ದನಿಯ ಆರು ತೂತಿನ ಕೊಳಲು) ಮಾಡುತ್ತಿದ್ದೇನೆ. ಲೆಕ್ಕದಂತೆ ಅಲಗಿನಿಂದ (ಊದಿದ ಗಾಳಿಯನ್ನು ಸೀಳುವ ಅಂಚು) ತುದಿಗೆ 584 ಮಿ.ಮೀ. ಇಟ್ಟು ಕತ್ತರಿಸಿದೆ. ಶ್ರುತಿ ತಗ್ಗಿಯೇ ಇದೆ. ಎಲ್ಲಿ ತಪ್ಪಿದೆ?

ಉತ್ತರ: ಲೆಕ್ಕ ಸರಿಯಿದೆ. ಆದರೆ ಅದು ಅದುರುವ ಗಾಳಿಯ ಉದ್ದ, ಪೈಪಿನದಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಡಿ ಸ್ವರದ ಕಂಪನವಾದ 293.66 ಹರ್ಟ್ಜ್‌ನ ಎರಡರಷ್ಟರಿಂದ ಭಾಗಿಸಿದರೆ ನಿಮ್ಮ 584 ಬರುತ್ತದೆ. ಅದರಲ್ಲಿ ಎರಡೂ ತುದಿಗಳಾಚೆ ಅದುರುವ ಗಾಳಿಯೂ ಸೇರಿದೆ: ತೆರೆದ ತುದಿಯಲ್ಲಿ ಒಳವ್ಯಾಸದ ಸುಮಾರು 0.3 ಪಾಲು, ಅಂದರೆ 6-7 ಮಿ.ಮೀ.; ಅಲಗಿನ ಕಡೆ ಕಿಂಡಿ ಕಿರಿದಾದ್ದರಿಂದ ಇನ್ನೂ ಹೆಚ್ಚು.

ಹಾಗೆಂದು ಈಗಲೇ ಗರಗಸ ಹಿಡಿಯಬೇಡಿ. ಮುಚ್ಚಿದ ತೂತುಗಳ ಗುಳಿಯೂ ಕೆಳಗಿನ ಸ್ವರವನ್ನು ಇನ್ನಷ್ಟು ಇಳಿಸುತ್ತದೆ. ಆರೂ ತೂತು ಕೊರೆದು ಮುಗಿದ ಮೇಲೆ ತುದಿಯನ್ನು ಅರದಿಂದ ಉಜ್ಜಿ. 1 ಮಿ.ಮೀ. ಹೋದರೆ ಸುಮಾರು 3 ಸೆಂಟ್ ಏರುತ್ತದೆ (ಅರ್ಧಸ್ವರಕ್ಕೆ 100 ಸೆಂಟ್). ಒಳಗಿನ ಗಾಳಿ 1 ಡಿಗ್ರಿ ಬಿಸಿಯಾದರೂ ಏರುವುದು ಅಷ್ಟೇ. ತಣ್ಣನೆ ಪೈಪಿನಲ್ಲಿ ಶ್ರುತಿ ಕೂಡಿಸಿದರೆ, ನುಡಿಸುತ್ತ ಹೋದಂತೆ ಅದು ಮೇಲಕ್ಕೆ ಜಾರುತ್ತದೆ. ಐದು ನಿಮಿಷ ಊದಿ, ಆಮೇಲೆ ಟ್ಯೂನರ್ ನೋಡಿ.

ಪ್ರಶ್ನೆ: ಉಂಗುರ ಬೆರಳು ಕೊನೆಯ ತೂತಿಗೆ ಎಟುಕುತ್ತಿಲ್ಲ. ಅದನ್ನು ಮೇಲಕ್ಕೆ ತರಬಹುದೇ?

ಉತ್ತರ: ತರಬಹುದು, ಆದರೆ ತೂತನ್ನು ಚಿಕ್ಕದು ಮಾಡಬೇಕು, ತೀರಾ ಚಿಕ್ಕದಾದರೆ ಆ ಸ್ವರ ಮಂಕಾಗುತ್ತದೆ. ಮೊದಲು ಎರಡು ಉಪಾಯ ಮಾಡಿ ನೋಡಿ. ಬೆರಳ ತುದಿಯ ಬದಲು ಬೆರಳನ್ನು ಚಪ್ಪಟೆಯಾಗಿಟ್ಟು ನಡುಗೆಣ್ಣಿನ ಭಾಗದಿಂದ ಮುಚ್ಚಿ. ಸಾಲದಿದ್ದರೆ ತೂತನ್ನು ಪಕ್ಕಕ್ಕೆ ಸರಿಸಿ; ತುದಿಯಿಂದ ದೂರ ಅಷ್ಟೇ ಇದ್ದರೆ ಶ್ರುತಿ ಬದಲಾಗದು. ಕೊರೆಯುವ ಮುನ್ನ ತೂತಿನ ಜಾಗದಲ್ಲಿ ಟೇಪಿನ ಚೂರು ಅಂಟಿಸಿ ಕೈ ಇಟ್ಟು ನೋಡುವುದು ಒಳ್ಳೆಯದು.

ಕೆಳಗಿನ ತೂತಿನಿಂದಲೇ ಶುರುಮಾಡಿ, ಮೇಲಿನವು ಕೆಳಗೆ ತೆರೆದಿರುವುದನ್ನು ಅವಲಂಬಿಸಿವೆ. ಪೈಪಿನೊಳಗೆ ಮರದ ಕೋಲು ತೂರಿಸಿ 5 ಮಿ.ಮೀ. ಬಿಟ್‌ನಿಂದ ಕೊರೆದು, ದುಂಡು ಅರದಿಂದ ಅಗಲಿಸಿ. ಬಾಯಿಯ ಕಡೆಯ ಅಂಚು ಉಜ್ಜಿದರೆ ಸ್ವರ ಬೇಗ ಏರುತ್ತದೆ. ಜಾಸ್ತಿಯಾಯಿತೇ? ಅದೇ ಅಂಚಿಗೆ ತುಸು ಎಪಾಕ್ಸಿ ಹಚ್ಚಿ, ಗಟ್ಟಿಯಾದ ಮೇಲೆ ಮತ್ತೆ ಉಜ್ಜಿ. ಒಳಗೆ ಸುರುಳಿಯಾಗಿ ಉಳಿಯುವ ಲೋಹದ ಸಿಬಿರನ್ನು ಸ್ಯಾಂಡ್‌ಪೇಪರ್ ಸುತ್ತಿದ ಕೋಲಿನಿಂದ ತೆಗೆಯದಿದ್ದರೆ ದನಿಯೊಡನೆ ಬುಸುಗುಡುವ ಸದ್ದು ಬರುತ್ತದೆ.

ಪ್ರಶ್ನೆ: ಕೆಳಗಿನ ಸ್ವರ ನಿಲ್ಲದೆ ಮೇಲಿನ ಸ್ಥಾಯಿಗೆ ಹಾರುತ್ತದೆ.

ಉತ್ತರ: ಆರೂ ತೂತಿಗೆ ಟೇಪ್ ಹಚ್ಚಿ ಮೆಲ್ಲಗೆ ಊದಿ. ಸ್ವರ ನಿಂತರೆ ಬೆರಳ ಸಂದಿಯಲ್ಲಿ ಗಾಳಿ ಸೋರುತ್ತಿದೆ, ವಿಸಲ್ ಮುಟ್ಟಬೇಡಿ. ಆಗಲೂ ಹಾರಿದರೆ, ಗಾಳಿದಾರಿಯ (ಉಸಿರನ್ನು ಅಲಗಿಗೆ ಒಯ್ಯುವ ಸೀಳು) ಬಾಯಿಗೆ ಅಲಗು ತೀರಾ ಹತ್ತಿರ ಇರಬಹುದು. ಅಲಗನ್ನು 0.2 ಮಿ.ಮೀ.ನಷ್ಟೇ ಹಿಂದಕ್ಕೆ ಉಜ್ಜಿ, ಊದಿ, ಮತ್ತೆ ಉಜ್ಜಿ. ಅತಿಯಾದರೆ ಮೇಲಿನ ಸ್ಥಾಯಿಗೆ ಉಸಿರು ಸಾಲದು. ಉಜ್ಜಿ ಹೋದ ಅಲಗಿಗೆ ಎಪಾಕ್ಸಿಯ ತೇಪೆ ನಿಲ್ಲುವುದೂ ಕಷ್ಟ.

ಪ್ರಶ್ನೆ: ಹತ್ತು ನಿಮಿಷಕ್ಕೇ ನೀರು ಕಟ್ಟಿ ದನಿ ಅಡಗುತ್ತದೆ.

ಉತ್ತರ: ಅದು ಎಂಜಲಲ್ಲ, ತಣ್ಣನೆ ಲೋಹಕ್ಕೆ ತಾಗಿದ ಉಸಿರಿನ ಆವಿ. ನುಡಿಸುವ ಮುನ್ನ ತಲೆಭಾಗವನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ನೀರಿಗೆ ಬೆರೆಸಿ ಗಾಳಿದಾರಿಗೆ ಹಾಯಿಸಿ ಒಣಗಲು ಬಿಟ್ಟರೆ, ನೀರು ಹನಿಗಟ್ಟದೆ ತೆಳ್ಳಗೆ ಹರಡುತ್ತದೆ. ಗಾಳಿದಾರಿಯ ಎತ್ತರ 1 ಮಿ.ಮೀ.ಗಿಂತ ಕಡಿಮೆಯಿದ್ದರೆ ಮಾತ್ರ ಈ ಉಪಾಯ ಹೆಚ್ಚು ಹೊತ್ತು ನಡೆಯದು, ಗಾಳಿದಾರಿಯ ತಳವಾಗಿರುವ ಬಿರಡೆಯ ಮೈಯನ್ನು ತುಸು ಉಜ್ಜಲೇಬೇಕು.